ಎರಡು ಸೌಟು ಕೆಂಪು ಸಾರು

ಬೀಟ್‌ರೂಟ್ ಬೇಯುವ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಆಗದು. ಮೊದಲು ಹಸಿಮಣ್ಣಿನ ವಾಸನೆ, ಅದರ ಬೆನ್ನಿಗೇ ಒಂದು ಮಂಕು ಸಿಹಿ. ಕುಕ್ಕರ್ ಮೊದಲ ಸೀಟಿ ಹಾಕುವಷ್ಟರಲ್ಲಿ ನನ್ನ ಮಗಳು ಮೂಗು ಹಿಡಿದುಕೊಂಡು ಹೊರಗೆ ಓಡಿರುತ್ತಾಳೆ. ನಾನು ಮಾತ್ರ ನಿಂತಲ್ಲೇ ನಿಂತಿರುತ್ತೇನೆ. ಆ ವಾಸನೆ ಬಂತೆಂದರೆ ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದ ಹಾಗೆ ಆಗುತ್ತದೆ, ತಿರುಗಿ ನೋಡುವ ಮುಖ ನನಗಿಲ್ಲ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದೇ ನನ್ನ ಕೆಲಸ. ಹಣ್ಣು ತರಕಾರಿಯ ಬಣ್ಣಗಳ ಬಗ್ಗೆ ಬಾಯಿಪಾಠ ಒಪ್ಪಿಸಿದಂತೆ ಮಾತಾಡುತ್ತೇನೆ. ಎದುರಿಗೆ ಕೂತ ತಾಯಂದಿರು ತಲೆದೂಗುತ್ತಾರೆ, ಚೆನ್ನಾಗಿ ಬಿಡಿಸಿ ಹೇಳ್ತೀರಿ ಮೇಡಂ ಅನ್ನುತ್ತಾರೆ. ಹೇಳಲೇಬೇಕಾಗಿದ್ದ ಒಂದು ದಿನ ಬಾಯಿ ಮುಚ್ಚಿಕೊಂಡು ಕೂತವಳು ಇವಳೇ ಎಂದು ಅವರಿಗೇನು ಗೊತ್ತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಿಮ್ಮ ಮುಂದೆ ಹೇಳಿಬಿಡುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಚಾಮರಾಜನಗರ ತಾಲ್ಲೂಕಿನಲ್ಲಿ, ಉಡಿಗಾಲದ ಕಡೆಯಿಂದ ಒಳಕ್ಕೆ ಹೋದರೆ ನಮ್ಮೂರು. ಊರಿನ ಹೆಸರು ಬರೆಯುವುದಿಲ್ಲ. ಅವತ್ತು ಅಲ್ಲಿದ್ದವರಲ್ಲಿ ಹಲವರು ಇನ್ನೂ ಇದ್ದಾರೆ, ಅವರಿಗೂ ಮಕ್ಕಳು ಮೊಮ್ಮಕ್ಕಳಿದ್ದಾರೆ. ನಮ್ಮದು ನಾಡಹೆಂಚಿನ ಉದ್ದನೆಯ ಮನೆ. ಮುಂದೆ ಜಗಲಿ, ಒಳಗೆ ಕತ್ತಲೆಯ ನಡುಮನೆ, ಹಿಂದೆ ಹಿತ್ತಿಲು. ಈಗ ಆ ಜಾಗದಲ್ಲಿ ಎರಡು ತಾರಸಿ ಮನೆಗಳಾಗಿವೆ. ಆಗ ಅಪ್ಪ ಒಂದು ಕಡೆ ಅರಿಶಿನ, ಇನ್ನೊಂದು ಕಡೆ ಚೆಂಡುಹೂ, ಬಾವಿಯ ಪಕ್ಕದ ತುಂಡಿನಲ್ಲಿ ಬೀಟ್‌ರೂಟ್ ಹಾಕುತ್ತಿದ್ದರು. ಅರಿಶಿನ ಕಿತ್ತ ತಿಂಗಳು ಕಣದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು ಬೇಯಿಸುವಾಗ ಊರೆಲ್ಲ ಘಮ್ಮೆನ್ನುತ್ತಿತ್ತು. ನಮ್ಮ ಅಂಗಾಲು, ಉಗುರಿನ ಸಂದು, ಅವ್ವನ ಸೀರೆಯ ಅಂಚು, ನಾಯಿಯ ಬೆನ್ನು ಕೂಡ ಹಳದಿ. ಚೆಂಡುಹೂವನ್ನು ಚೀಲ ತುಂಬಿ ಕಾರ್ಖಾನೆಯ ಲಾರಿಗೆ ಹಾಕುತ್ತಿದ್ದೆವು. ಇಷ್ಟು ಹೂವನ್ನು ಯಾವ ದೇವರಿಗೆ ಮುಡಿಸುತ್ತಾರೆ ಎಂದು ನಾನು ಕೇಳಿದರೆ ಅಪ್ಪ, "ಮುಡ್ಸಕ್ಕಲ್ಲ, ಅದ್ರ ಬಣ್ಣ ಇಂಡ್ಕತರಂತೆ, ಕಣ್ಣಿಗೆ ಮದ್ದು ಮಾಡ್ತರಂತೆ" ಅನ್ನುತ್ತಿದ್ದರು. ಅವರಿಗೇ ಅದು ಪೂರ್ತಿ ನಂಬಿಕೆಯಾದಂತೆ ಇರಲಿಲ್ಲ.

ಆ ಮಾತನ್ನು ಅನುಮಾನವಿಲ್ಲದೆ ನಂಬಿದವರು ನಮ್ಮ ಮನೆಯಲ್ಲಿ ಒಬ್ಬರೇ, ಪುಟ್ಟತ್ತೆ. ಅಪ್ಪನ ಅಕ್ಕ. ಹೆಸರು ಪುಟ್ಟಮಾದಮ್ಮ, ನನ್ನ ಬಾಯಲ್ಲಿ ಪುಟ್ಟತ್ತೆ. ಪುಣಜನೂರಿಗೆ ಕೊಟ್ಟಿದ್ದರು, ಗಂಡ ಹೋದ ಮೇಲೆ ಮಕ್ಕಳಿಲ್ಲದ ಅತ್ತೆ ತಮ್ಮನ ಮನೆಗೆ ಬಂದು ನಿಂತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೀರೆಯನ್ನು ಮೊಣಕಾಲ ಕೆಳಗೆ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಬಣ್ಣ ಓದಲು ಬರುತ್ತಿತ್ತು. ಯಾವ ಹೊಲದ ಬದುವಿನಲ್ಲಿ ಯಾವ ಸೊಪ್ಪು ಇದೆ, ಯಾವುದು ಎಳಸು, ಯಾವುದು ಬಲಿತಿದೆ ಎಂದು ದೂರದಿಂದಲೇ ಹೇಳುತ್ತಿದ್ದರು. ಸಂಜೆ ಮಡಿಲು ಬಿಚ್ಚಿದರೆ ನೆಲದ ಮೇಲೆ ಹೊನಗೊನ್ನೆ, ಕೆಂಪು ದಂಟು, ನುಗ್ಗೆಯ ಕುಡಿ, ಅಣ್ಣೆ ಸೊಪ್ಪು, ಸಂದಿನಲ್ಲಿ ನಾಲ್ಕು ನೇರಳೆಹಣ್ಣು. ನೇರಳೆ ನನಗೆ. ತಿಂದ ಮೇಲೆ ನಾಲಿಗೆ ಚಾಚು ಅನ್ನುತ್ತಿದ್ದರು, ಕನ್ನೇರಳೆ ಬಣ್ಣ ನೋಡಿ ತೃಪ್ತಿಯಿಂದ ಹೂಂ ಅನ್ನುತ್ತಿದ್ದರು.

"ತಟ್ಟೇಲಿ ಮೂರು ಬಣ್ಣ ಕಾಣ್ಬೇಕು ಕಣಮ್ಮಿ. ಬರೀ ಬೆಳ್ಳಗಿರೋದ ತಿಂದ್ರೆ ಮನ್ಸನೂ ಬೆಳ್ಳಗಾಯ್ತನೆ" ಎಂಬುದು ಅವರ ಶಾಸ್ತ್ರ. ರಾಗಿಹಿಟ್ಟಿನ ಕಪ್ಪು, ಸೊಪ್ಪಿನ ಹಸಿರು ಎರಡಾಯಿತು, ಮೂರನೆಯದಕ್ಕೆ ಏನಾದರೂ ಹುಡುಕುತ್ತಿದ್ದರು. ಬದನೆಕಾಯಿಯ ಸಿಪ್ಪೆ ತೆಗೆಯಬಾರದು, ಕುಂಬಳಕಾಯಿಗೆ ಒಂದು ತೊಟ್ಟಾದರೂ ಎಣ್ಣೆ ಬೀಳಬೇಕು, ಅರಿಶಿನ ಹಾಕಿದ ಕಡೆ ನಾಲ್ಕು ಕಾಳು ಮೆಣಸು ಬೀಳಬೇಕು, ಬೀಟ್‌ರೂಟಿಗೆ ಹುಣಸೆಹುಳಿ ಬಿಡಬೇಕು, ಇಲ್ಲದಿದ್ದರೆ ಬಣ್ಣ ಸಾಯುತ್ತದೆ. ಯಾರು ಹೇಳಿಕೊಟ್ಟರು ಎಂದು ಕೇಳಿದರೆ, ನಾಲಿಗೆಯೇ ಹೇಳುತ್ತದಲ್ಲ ಅನ್ನುತ್ತಿದ್ದರು. ಮುಂದೆ ಕಾಲೇಜಿನಲ್ಲಿ ನಾನು ಇವನ್ನೇ ಓದಿದೆ. ಕುಂಬಳ, ಪಪ್ಪಾಯಿ, ಕ್ಯಾರೆಟ್ಟಿನ ಕಿತ್ತಳೆ ಬಣ್ಣಕ್ಕೆ ಕೆರೋಟಿನ್ ಎಂದು ಹೆಸರು, ಜಿಡ್ಡು ಇಲ್ಲದೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಚೆಂಡುಹೂವಿನಿಂದ ಹಿಂಡುವ ಲ್ಯೂಟಿನ್ ಸೊಪ್ಪಿನಲ್ಲೂ ಇದೆ, ಹಸಿರಿನ ಹಿಂದೆ ಅವಿತುಕೊಂಡಿರುತ್ತದೆ, ಕಣ್ಣಿಗೆ ಒಳ್ಳೆಯದು. ನೇರಳೆ, ಬದನೆಯ ಸಿಪ್ಪೆಯಲ್ಲಿರುವುದು ಆಂಥೋಸಯನಿನ್. ಮೆಣಸು ಜೊತೆಗಿದ್ದರೆ ಅರಿಶಿನದ ಗುಣ ಚೆನ್ನಾಗಿ ಹತ್ತುತ್ತದೆ. ಹುಳಿ ಬಿದ್ದರೆ ಬೀಟ್‌ರೂಟಿನ ಕೆಂಪು ಉಳಿಯುತ್ತದೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಎಲ್ಲವೂ ಆ ಹೊಗೆ ಹಿಡಿದ ಅಡುಗೆಮನೆಯಲ್ಲಿ ಮೊದಲೇ ಕೇಳಿದ್ದ ಮಾತು.

ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸದರಲ್ಲಿ ನಮ್ಮೂರ ಶಾಲೆಗೆ ಅಡುಗೆಯವರು ಬೇಕಾಯಿತು. ಪುಟ್ಟತ್ತೆಯನ್ನು ತೆಗೆದುಕೊಂಡರು. ಆ ಕೆಲಸ ಅವರಿಗೆ ಏನಾಗಿತ್ತು ಎಂದು ಆಗ ನನಗೆ ತಿಳಿದಿರಲಿಲ್ಲ. ತಮ್ಮನ ಮನೆಯಲ್ಲಿ ಅವರು ಯಾವಾಗಲೂ ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದರು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದರು. ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು, ಊರ ನಡುಬೀದಿಯಲ್ಲೇ ನಡೆದು ಹೋಗುತ್ತಿದ್ದರು. ಜಗಲಿಯ ಮೇಲೆ ಕೂತವರು, "ಏನ್ ಪುಟ್ಟಮ್ಮ, ಇವತ್ತೇನ್ ಸಾರು?" ಎಂದು ಕೇಳುತ್ತಿದ್ದರು. ಒಬ್ಬ ವಿಧವೆಯನ್ನು ಊರು ನಿಲ್ಲಿಸಿ ಮಾತಾಡಿಸುವುದು ಸಣ್ಣ ವಿಷಯವಲ್ಲ. ಅಕ್ಕಿ ಬೇಳೆ ಸರ್ಕಾರದ್ದು, ತರಕಾರಿ ಮಾತ್ರ ಯಾವಾಗಲೂ ಕಡಿಮೆ. ಪುಟ್ಟತ್ತೆ ದಿನವೂ ಬದುವಿನ ಸೊಪ್ಪನ್ನೋ ನಮ್ಮ ಹಿತ್ತಿಲಿನ ಕುಂಬಳಕಾಯಿಯನ್ನೋ ಒಯ್ದು ಸಾರಿಗೆ ಹಾಕುತ್ತಿದ್ದರು.

ಅವರದು ಇನ್ನೊಂದು ರೂಢಿ ಇತ್ತು. ಊರಿಗೆ ಬರುತ್ತಿದ್ದ ನರ್ಸಮ್ಮ ಮಕ್ಕಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡುವುದನ್ನು ಅತ್ತೆ ಎಂದೋ ನೋಡಿ ಕಲಿತಿದ್ದರು. ಒಳಗೆ ಕೆಂಪಗಿದ್ದರೆ ಸರಿ, ಬಿಳುಪೇರಿದ್ದರೆ ಮೈಯಲ್ಲಿ ರಕ್ತ ಕಡಿಮೆ. ಊಟದ ಸಾಲಿನಲ್ಲಿ ನಾವು ತಟ್ಟೆ ಹಿಡಿದು ನಿಂತಿರುವಾಗ ಅತ್ತೆ ಒಬ್ಬೊಬ್ಬರ ರೆಪ್ಪೆಯನ್ನೂ ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದರು. ಬಿಳುಚಿಕೊಂಡವರ ತಟ್ಟೆಗೆ ಎರಡು ಸೌಟು ಸಾರು, ಉಳಿದವರಿಗೆ ಒಂದು. ನನಗೆ ಎರಡು. ಅವರ ಹೆಬ್ಬೆರಳು ಒರಟು, ಈರುಳ್ಳಿ ವಾಸನೆ ಬೇರೆ. ಪಕ್ಕದೂರಿನಿಂದ ಬರುತ್ತಿದ್ದ ಏಳನೇ ಕ್ಲಾಸಿನ ಸವಿತ ನನ್ನ ಗೆಳತಿ, ಅವಳ ಮುಂದೆ ನನಗೆ ನಾಚಿಕೆಯಾಗುತ್ತಿತ್ತು. ಮನೆಯಲ್ಲಿ ಅತ್ತೆಯ ಮಗ್ಗುಲಿಗೆ ಅಂಟಿಕೊಂಡು ಮಲಗುವವಳು ಶಾಲೆಯಲ್ಲಿ ಅವರ ಮುಖ ನೋಡದೆ ತಟ್ಟೆ ಒಡ್ಡುತ್ತಿದ್ದೆ. ಅವರು ಅದನ್ನು ಗಮನಿಸಿದ್ದರೆ ಒಂದು ದಿನವೂ ತೋರಿಸಿಕೊಳ್ಳಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಬೀಟ್‌ರೂಟ್ ಚೆನ್ನಾಗಿ ಬಂತು. ನಮ್ಮ ಕಡೆ ಬೀಟ್‌ರೂಟ್ ಬೆಳೆಯುವವರಿದ್ದರೇ ಹೊರತು ತಿನ್ನುವವರಿರಲಿಲ್ಲ. ತೆರಕಣಾಂಬಿಯ ಸಂತೆಗೆ ಹೋಗಿ ಅಲ್ಲಿಂದ ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ ಮಾಲು ಅದು. ಊರಿನವರು ಅದನ್ನು ಮಲಯಾಳಿಗಳ ತರಕಾರಿ ಎನ್ನುತ್ತಿದ್ದರು. ಆ ಸಲ ವ್ಯಾಪಾರಿ ನುಣುಪಾದ ಗಡ್ಡೆಗಳನ್ನು ಆರಿಸಿಕೊಂಡು, ಸೀಳಿದವನ್ನೂ ಸಣ್ಣವನ್ನೂ ಹೊಲದಲ್ಲೇ ಬಿಟ್ಟುಹೋದ. ಅತ್ತೆ ಅವನ್ನು ಬುಟ್ಟಿಗೆ ತುಂಬಿಕೊಂಡು ಬಂದು ಒಂದು ಭಾನುವಾರ ಪಲ್ಯ ಮಾಡಿದರು. ಅವ್ವ ಮುಟ್ಟಲಿಲ್ಲ, ಅಪ್ಪ ಒಂದು ತುತ್ತು ತಿಂದು ಪಕ್ಕಕ್ಕೆ ಸರಿಸಿದರು. ನಾನು ಸಿಹಿ ಎಂದು ತಟ್ಟೆ ತುಂಬ ತಿಂದೆ. ಸಂಜೆ ಹಿತ್ತಿಲ ಬಚ್ಚಲಿಗೆ ಹೋದವಳು ಕಲ್ಲಿನ ಮೇಲೆ ಕೆಂಪು ನೋಡಿ ತಣ್ಣಗಾದೆ. ನನಗೆ ಆಗ ಹನ್ನೊಂದು. ದೊಡ್ಡವಳಾಗುವುದು ಎಂಬ ಮಾತನ್ನು ಹೆಂಗಸರು ಪಿಸುಗುಟ್ಟುವುದು ಕೇಳಿದ್ದೆನೇ ಹೊರತು ಅದು ಏನೆಂದು ಯಾರೂ ಹೇಳಿರಲಿಲ್ಲ. ಸಾಯುತ್ತೇನೋ, ದೊಡ್ಡವಳಾದೆನೋ, ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ತಿಳಿಯದೆ ಅತ್ತೆಯ ಬಳಿ ಹೋಗಿ ಸೆರಗು ಹಿಡಿದು ಅಳತೊಡಗಿದೆ.

ಪುಟ್ಟತ್ತೆ ಬಚ್ಚಲಿಗೆ ಬಂದು ನೋಡಿದರು, ನನ್ನನ್ನು ನೋಡಿದರು, ಸದ್ದಾಗದಂತೆ ನಕ್ಕರು. "ಥೂ ಉಚ್ಚಮ್ಮಿ, ಅದು ರಗ್ತ ಅಲ್ಲ ಕಣ್ ಮಗ. ಬೀಟ್‌ರೂಟು. ಅದ್ರ ಬಣ್ಣ ಒಳಕ್ಕೋಗಿ ಅಂಗೇ ಈಚ್ಗೆ ಬಂದದೆ, ಅಷ್ಟೇಯ. ಬೆಳಗಾಗದ್ರೊಳಗೆ ಸರ್ಯಾಯ್ತದೆ, ಅಳ್ಬ್ಯಾಡ" ಎಂದು ನನಗೆ ಒಂದು ಚೊಂಬು ನೀರು ಕುಡಿಸಿದರು. ಬೆಳಗಾಗುವುದರೊಳಗೆ ಸರಿಯಾಯಿತು. ಅಂದರೆ ನನಗೆ ಗೊತ್ತಿತ್ತು. ಇಡೀ ಊರಿನಲ್ಲಿ ಅದು ಗೊತ್ತಿದ್ದದ್ದು ಅತ್ತೆಗೆ ಮತ್ತು ನನಗೆ, ಇಬ್ಬರಿಗೆ ಮಾತ್ರ.

ಎರಡು ದಿನ ಬಿಟ್ಟು ಅತ್ತೆ ಉಳಿದ ಬೀಟ್‌ರೂಟನ್ನು ಶಾಲೆಗೆ ಒಯ್ದರು. ಸಾರು ಇಳಿಸಿದಾಗ ಮಕ್ಕಳೆಲ್ಲ ಹೋ ಎಂದು ಕೂಗಿದರು, ಅಂಥ ಕೆಂಪನ್ನು ಯಾರೂ ಅನ್ನದ ಮೇಲೆ ಕಂಡಿರಲಿಲ್ಲ. ಅತ್ತೆ ಎಂದಿನಂತೆ ರೆಪ್ಪೆ ಎಳೆದು ನೋಡಿದರು, ಬಿಳುಚಿಕೊಂಡವರಿಗೆ ಎರಡು ಸೌಟು ಹಾಕಿದರು. ಮಧ್ಯಾಹ್ನದ ಎರಡನೇ ಪೀರಿಯಡ್ ಮುಗಿದು ಹುಡುಗರು ಉಚ್ಚೆಗೆಂದು ಹಿಂದಿನ ಗೋಡೆಯ ಕಡೆ ಹೋದಾಗ ನಾಲ್ಕನೇ ಕ್ಲಾಸಿನ ಮಾದೇಶ ಚೀರಿಕೊಂಡ. ಆಮೇಲೆ ಇನ್ನೊಬ್ಬ. ಆಮೇಲೆ ಹುಡುಗಿಯರು ಹೋಗುವ ತಗಡಿನ ಮರೆಯಿಂದ ಒಬ್ಬ ಪುಟ್ಟ ಹುಡುಗಿ ಅಳುತ್ತ ಬಂದಳು. ಮೇಷ್ಟ್ರುಗಳು ಓಡಾಡಿದರು, ಯಾರೋ ಊರೊಳಗೆ ಸುದ್ದಿ ಮುಟ್ಟಿಸಿದರು, ತಾಯಂದಿರು ಎದೆ ಬಡಿದುಕೊಂಡು ಬಂದರು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತ ಪುಟ್ಟತ್ತೆ, "ಏನೂ ಆಗಲ್ಲ ಕಣ್ರವ್ವ, ಗೆಡ್ಡೆ ಬಣ್ಣ ಅದು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಯಾರ ಕಿವಿಗೂ ಅದು ಬೀಳಲಿಲ್ಲ. ಪಕ್ಕದೂರಿನಿಂದ ಕಾಂಪೌಂಡರ್ ಮೊಪೆಡ್ಡಿನಲ್ಲಿ ಬಂದು ಉಚ್ಚೆ ಕೆಂಪಾದ ಮಕ್ಕಳಿಗೆಲ್ಲ ಒಂದೊಂದು ಸೂಜಿ ಚುಚ್ಚಿದ. ಸಕಾಲಕ್ಕೆ ಕರೆಸಿದಿರಿ, ಇಲ್ಲದಿದ್ದರೆ ಕಷ್ಟವಿತ್ತು ಎಂದ. ಮಕ್ಕಳು ಬೆಳಿಗ್ಗೆ ಸರಿಹೋದದ್ದು ಆ ಸೂಜಿಯಿಂದ ಎಂದಾಯಿತು.

ನಾನು ಆ ದಿನ ಶಾಲೆಯಲ್ಲಿ ಬಚ್ಚಲಿಗೆ ಹೋಗಲೇ ಇಲ್ಲ. ಹೊಟ್ಟೆ ಬಿಗಿಹಿಡಿದುಕೊಂಡು ಕೂತು, ಗಂಟೆ ಹೊಡೆದ ಕೂಡಲೇ ಮನೆಗೆ ಓಡಿದೆ. ಹಿತ್ತಿಲ ಬಚ್ಚಲಿನಲ್ಲಿ ಮತ್ತೆ ಅದೇ ಕೆಂಪು. ಅದನ್ನು ಅವ್ವನಿಗೆ ತೋರಿಸಿದ್ದರೆ ಸಾಕಾಗಿತ್ತು. ಎರಡು ದಿನದ ಹಿಂದೆಯೂ ಹೀಗೇ ಆಗಿತ್ತು, ಯಾವ ಸೂಜಿಯೂ ಇಲ್ಲದೆ ಸರಿಹೋಯಿತು ಎಂದಿದ್ದರೆ ಅಪ್ಪ ಆ ಸಂಜೆಯೇ ಹೆಡ್‌ಮಾಸ್ಟ್ರ ಮನೆಗೆ ಹೋಗುತ್ತಿದ್ದರು. ನಾನು ಚೊಂಬಿನ ಮೇಲೆ ಚೊಂಬು ನೀರು ಸುರಿದೆ. ಕಲ್ಲು ಬೆಳ್ಳಗಾಗುವವರೆಗೆ ಸುರಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ನಮ್ಮನ್ನು ಅಂಗಳದಲ್ಲೇ ಕೂರಿಸಿದರು. ಶಾಲೆಯ ಪಡಸಾಲೆಯಲ್ಲಿ ಹೆಡ್‌ಮಾಸ್ಟ್ರು, ಊರಿನ ನಾಲ್ಕೈದು ಹಿರಿಯರು, ಮಕ್ಕಳ ತಂದೆತಾಯಿಗಳು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಪುಟ್ಟತ್ತೆ ಮೆಟ್ಟಿಲ ಕೆಳಗೆ ನಿಂತಿದ್ದರು, ಅವತ್ತೂ ತಲೆ ಬಾಚಿ ಒಗೆದ ಸೀರೆ ಉಟ್ಟಿದ್ದರು. ಮಾದೇಶನ ಅಪ್ಪ, "ಎಲ್ಲಾ ಐಕ್ಳೂ ಒಂದೇ ಸಾರು ಉಂಡವೆ. ಗೆಡ್ಡೆ ಬಣ್ಣ ಆಗಿದ್ರೆ ಎಲ್ಲಕ್ಕೂ ಆಗ್ಬೇಕಿತ್ತು. ಕೆಲವಕ್ಕೆ ಮಾತ್ರ ಯಾಕಾಯ್ತು?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಸೂಜಿ ಚುಚ್ಚಿಸಿಕೊಂಡ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಕೆಂಪಾದವರೆಲ್ಲ, ಹೌದು, ನಮಗೆ ಎರಡು ಸೌಟು ಹಾಕಿದರು, ಕಣ್ಣು ಎಳೆದು ನೋಡಿ ಹಾಕಿದರು ಎಂದರು. ಗುಂಪಿನಲ್ಲಿ ಒಂದು ಸದ್ದು ಎದ್ದಿತು. ಕಣ್ಣು ನೋಡಿ ಯಾಕೆ ಹಾಕಿದಳು, ಆರಿಸಿ ಆರಿಸಿ ಯಾಕೆ ಹಾಕಿದಳು, ಮಕ್ಕಳಿಲ್ಲದವಳು. ಆ ಕೊನೆಯ ಮಾತನ್ನು ಒಬ್ಬ ಹೆಂಗಸು ಅತ್ತೆಗೆ ಕೇಳುವ ಹಾಗೆಯೇ ಆಡಿದಳು.

ಹೆಡ್‌ಮಾಸ್ಟ್ರು ಕೆಟ್ಟವರಲ್ಲ. ಅವರು ಒಂದು ದಾರಿ ತೋರಿಸಿದರು. "ನೋಡಮ್ಮ, ನೀನು ಹೇಳೋದು ನಿಜ ಇರಬಹುದು. ಅದೇ ಬೀಟ್‌ರೂಟನ್ನ ನಿಮ್ಮ ಮನೇಲೂ ತಿಂದಿದ್ದೀರಿ ಅಂತೀಯ. ಮನೇಲಿ ಯಾರಿಗಾದರೂ ಹೀಗೆ ಆಗಿತ್ತಾ? ಒಬ್ಬರಿಗೆ ಆಗಿದ್ದರೂ ಸಾಕು, ನಾವೆಲ್ಲ ನಂಬ್ತೀವಿ."

ನಾನು ಹುಡುಗಿಯರ ಸಾಲಿನ ಮುಂದುಗಡೆ ಕೂತಿದ್ದೆ. ಎಡಕ್ಕೆ ಹುಡುಗರ ಸಾಲು, ಅವರು ಬೆಳಿಗ್ಗೆಯಿಂದ ಕೆಂಪುಚ್ಚೆ ಕೆಂಪುಚ್ಚೆ ಎಂದು ಮಾದೇಶನನ್ನು ಕಾಡುತ್ತಿದ್ದರು. ಆ ಪ್ರಶ್ನೆ ಬಿದ್ದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಈಗ ಅತ್ತೆ ನನ್ನ ಹೆಸರು ಹೇಳುತ್ತಾರೆ, ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ನಾಳೆಯಿಂದ ಆ ಹೆಸರು ನನಗೆ ಎಂದುಕೊಂಡೆ. ಮೊಣಕಾಲೂರಿ ಅರ್ಧ ಎದ್ದೆ. ಎದ್ದದ್ದು ಯಾಕೆ ಎಂದು ಮುಚ್ಚಿಡದೆ ಬರೆಯುತ್ತೇನೆ. ಹಿಂದಿನ ಸಾಲಿನಲ್ಲಿ ಸವಿತ ಕೂತಿದ್ದಳು, ಅವಳು ದಪ್ಪ, ಅವಳ ಬೆನ್ನ ಹಿಂದೆ ಹೋಗಿ ಅವಿತುಕೊಳ್ಳಬೇಕೆಂದು ಎದ್ದೆ. ಅಷ್ಟರಲ್ಲಿ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ಒಂದು ಗಳಿಗೆ ನೋಡಿದರು, ಆಮೇಲೆ ಹೆಡ್‌ಮಾಸ್ಟ್ರ ಕಡೆ ತಿರುಗಿ ಗಟ್ಟಿಯಾಗಿ, "ಇಲ್ಲ ಸಾ. ನಮ್ಮಟ್ಟೀಲಿ ಯಾರ್ಗೂ ಆಗ್ನಿಲ್ಲ" ಎಂದುಬಿಟ್ಟರು.

ನಾನು ಸವಿತಳ ಹಿಂದೆ ಹೋಗಿ ಕೂತೆ. ನನಗಾದದ್ದು ದುಃಖವಲ್ಲ, ಸದ್ಯ ಬದುಕಿದೆ ಎಂಬ ನೆಮ್ಮದಿ. ಅಲ್ಲಿಗೆ ಅತ್ತೆಯ ಕೆಲಸ ಹೋಯಿತು. ಅಡುಗೆ ಕೋಣೆಯ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪಡಸಾಲೆಯ ಕಟ್ಟೆಯ ಮೇಲೆ ಇಟ್ಟು ಹೊರಟರು. ಬಂದ ನಡುಬೀದಿಯಲ್ಲಿ ಹಿಂದಿರುಗಲಿಲ್ಲ, ಹೊಲದ ಹಾದಿ ಹಿಡಿದರು. ಮಧ್ಯಾಹ್ನ ಸವಿತ, "ಅವ್ರು ನಿಮ್ಮ ಸ್ವಂತ ಅತ್ತೇನಾ?" ಎಂದು ಕೇಳಿದಳು. "ಇಲ್ಲ, ದೂರದ ಸಂಬಂಧ" ಎಂದೆ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನಾಗಿಯೇ ಹೇಳಿದ್ದು.

ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಅಪ್ಪ, "ಓಗ್ಲಿ ಬುಡಕ್ಕ, ಇರೋದ್ರಲ್ಲಿ ಉಣ್ಣನ" ಎಂದರು. ಆದರೆ ಊರಿನ ಬಾಯಲ್ಲಿ ಪುಟ್ಟಮ್ಮ ರಗ್ತದ ಸಾರಿನೋಳು ಆದರು. ಯಾರದೋ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ, ಅವಳು ಕಣ್ಣು ಎಳೆದು ನೋಡಿದ್ದಳಂತೆ ಎಂಬ ಮಾತು ಹುಟ್ಟುತ್ತಿತ್ತು. ಬೀದಿಯಲ್ಲಿ ಅತ್ತೆ ಎದುರಾದರೆ ತಾಯಂದಿರು ಮಕ್ಕಳ ಮುಖವನ್ನು ಸೆರಗಿನಲ್ಲಿ ಮುಚ್ಚುತ್ತಿದ್ದರು. ಎರಡು ತಿಂಗಳು ನೋಡಿ ಅತ್ತೆ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು, ಪುಣಜನೂರಿನಲ್ಲಿದ್ದ ಮೈದುನನ ಮನೆಗೆ ಹೊರಟುಹೋದರು. ಬಸ್ ಹತ್ತಿಸಲು ಚಾಮರಾಜನಗರದವರೆಗೆ ನಾನೂ ಅಪ್ಪನ ಜೊತೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ರೆಪ್ಪೆ ಎಳೆದು ನೋಡಿದರು. "ಇನ್ನೂ ಬೆಳ್ಳಗೇ ಅದೆ. ನುಗ್ಗೆಸೊಪ್ಪು ತಿನ್ನು ಮಗ" ಎಂದರು. ನಿಲ್ದಾಣದಲ್ಲಿ ಜನ ನೋಡುತ್ತಾರೆ ಎಂದು ನಾನು ಮುಖ ಹಿಂದಕ್ಕೆ ಎಳೆದುಕೊಂಡೆ.

ಅವರು ಹೋದ ಮೇಲೆ ನಮ್ಮ ತಟ್ಟೆಯ ಮೂರನೇ ಬಣ್ಣ ಹೋಯಿತು. ಬದುವಿನ ಸೊಪ್ಪು ಕೊಯ್ಯುವವರಿಲ್ಲದೆ ಬಲಿತು ಹೂ ಬಿಟ್ಟು ಒಣಗುತ್ತಿತ್ತು. ನಾಲ್ಕೈದು ವರ್ಷದಲ್ಲಿ ಊರಿನಲ್ಲೂ ಬೀಟ್‌ರೂಟ್ ತಿನ್ನುವುದು ರೂಢಿಯಾಯಿತು, ಯಾರ್ಯಾರ ಬಚ್ಚಲು ಯಾವಾಗ ಕೆಂಪಾಯಿತೋ, ವಿಷಯ ಎಲ್ಲರಿಗೂ ತಿಳಿದೇ ತಿಳಿಯಿತು. ಒಬ್ಬರೂ ಪುಣಜನೂರಿಗೆ ಹೋಗಿ ತಪ್ಪಾಯಿತು ಎನ್ನಲಿಲ್ಲ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ, ಅವರು ತಿಳಿಯದೆ ಮಾಡಿದರು. ಡಿಗ್ರಿಯ ಮೊದಲ ವರ್ಷದಲ್ಲಿ ಮೇಡಂ ಒಬ್ಬರು ಪಾಠ ಮಾಡುತ್ತ, ಬೀಟ್‌ರೂಟಿನ ಕೆಂಪು ಎಲ್ಲರ ಮೂತ್ರದಲ್ಲೂ ಕಾಣಿಸಿಕೊಳ್ಳುವುದಿಲ್ಲ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದರು. ನಾನು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದೆ. ಮಾದೇಶನ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅದು. ಅತ್ತೆ ಯಾರ ರೆಪ್ಪೆ ಬಿಳುಪಾಗಿದೆ ಎಂದು ಎರಡು ಸೌಟು ಹಾಕಿದರೋ ಆ ಮಕ್ಕಳೇ ಕೆಂಪಾದದ್ದು. ಅವರ ಹೆಬ್ಬೆರಳು ತಪ್ಪಿರಲಿಲ್ಲ. ಕೆಂಪು ತಿಂದರೆ ರಕ್ತವಾಗುತ್ತದೆ ಎಂಬ ಅವರ ನಂಬಿಕೆ ಮಾತ್ರ ಅಷ್ಟು ಸರಿಯಲ್ಲ, ಬೀಟ್‌ರೂಟಿನಲ್ಲಿ ಕಬ್ಬಿಣ ಅಂಥ ಹೆಚ್ಚೇನಿಲ್ಲ, ಅದಕ್ಕೆ ನುಗ್ಗೆಸೊಪ್ಪೇ ಮೇಲು. ಅದನ್ನೂ ಅವರು ಹೇಳಿಯೇ ಹೋಗಿದ್ದರು.

ಆ ವಾರವೇ ಪುಣಜನೂರಿಗೆ ಹೋದೆ. ಸತ್ಯಮಂಗಲದ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಅತ್ತೆ ತರಕಾರಿ ಹೆಚ್ಚುವ ಕೆಲಸ ಮಾಡುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ತಮಿಳು ಲಾರಿಯವರ ಸಹವಾಸದಲ್ಲಿ ಕಲಿತ ಭಾಷೆಯಲ್ಲಿ, "ಸಾಪ್ಟಿಯಾ?" ಎಂದು ಕೇಳಿ, ನಾನು ಬೆಪ್ಪಾಗಿ ನಿಂತದ್ದು ನೋಡಿ, "ಉಂಡ್ಯಾ ಅಂದೆ ಕಣಮ್ಮಿ" ಎಂದು ನಕ್ಕರು. ಅವರ ಪಕ್ಕದಲ್ಲಿ ಕೂತು ಈರುಳ್ಳಿ ಸುಲಿಯುತ್ತ, ಕಾಲೇಜಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ರೆಪ್ಪೆ ಬಿಳುಪಾಗಿದ್ದವರಿಗೇ ಯಾಕಾಯಿತು ಎಂದು ಹೇಳಿದಾಗ ಅವರು ಕತ್ತಿ ಕೆಳಗಿ‌ಟ್ಟು, ಹೌದಾ, ಹೌದಾ ಎಂದು ಎರಡು ಸಲ ಕೇಳಿದರು. ಆಮೇಲೆ ನಾನು, "ಅತ್ತೆ, ಅವತ್ತು ನಾನು ಹೇಳ್ಬೇಕಾಗಿತ್ತು" ಎಂದೆ.

"ನೀ ಯೋಳಕ್ಕೇ ಅಲ್ವಾ ಎದ್ದಿದ್ದು. ನಾ ಕಾಣ್ನಿಲ್ವಾ?" ಎಂದರು ಪುಟ್ಟತ್ತೆ. "ಮೊಣಕಾಲೂರ್ಕಂಡು ಎದ್ದೆ. ಅಯ್ಯೋ, ಈ ಕೂಸು ಗಂಡೈಕ್ಳ ಮುಂದೆ ಬಾಯ್ಬುಟ್ಟು ಯೋಳ್ಬುಡ್ತದೆ, ನಾಳಿಂದ ಇವಳ್ನ ಆಡ್ಕಂಡು ಆಡ್ಕಂಡು ಸಾಯಿಸ್ಬುಡ್ತವೆ ಅನ್ಕಂಡು ಬಿರ್ನೆ ಇಲ್ಲ ಅಂದ್ಬುಟ್ಟೆ. ಊರ್‍ಗೂರೇ ಮ್ಯಾಲ್ ಬಿದ್ದಾಗ ನಮ್ ಕೂಸು ಒಬ್ಬಳು ನಂಗೋಸ್ಕರ ಎದ್ಲಲ್ಲ. ಅದ್ನೇ ನೆನ್ಸ್‌ಕಂಡು ಇಷ್ಟ್ ವರ್ಸ ಕಳ್ದೆ ಕಣ್ ಮಗ, ನಂಗೇನೂ ಕಷ್ಟ ಆಗ್ನಿಲ್ಲ."

ನಾನು ನಿಜ ಹೇಳಲೆಂದೇ ಹೋಗಿದ್ದವಳು. ಅವರ ಒಂದು ಕಣ್ಣು ಮಂಜಾಗಿತ್ತು, ಇನ್ನೊಂದು ನನ್ನನ್ನು ನೋಡುತ್ತಿತ್ತು, ಆ ಮುಖದಲ್ಲಿ ಎಂಥ ಸಂತೋಷವಿತ್ತು ಎಂದು ನಾನು ಹೇಳಲಾರೆ. "ಹೂಂ ಅತ್ತೆ" ಎಂದೆ. ಅವರು ಕತ್ತಿ ಎತ್ತಿಕೊಂಡು ಮತ್ತೆ ಹೆಚ್ಚತೊಡಗಿದರು. ಅವರ ಮನಸ್ಸು ನೋಯಬಾರದೆಂದು ಸುಮ್ಮನಾದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಪೂರ್ತಿ ನಿಜವಲ್ಲ. ಅವರ ಕಣ್ಣಲ್ಲಿ ಆ ಹುಡುಗಿಯಾಗಿ ಉಳಿಯುವ ಆಸೆ ನನಗಿತ್ತು.

ಮುಂದಿನ ವರ್ಷ ಅತ್ತೆ ತೀರಿಕೊಂಡರು. ಮಣ್ಣಿಗೆ ಹೋದಾಗ ಆ ಊರಿನ ಹೆಂಗಸರು ನನಗೆ ದಾರಿ ಬಿಟ್ಟರು. ಒಬ್ಬ ಮುದುಕಿ ನನ್ನ ಕೈ ಹಿಡಿದು, "ಅವತ್ತು ಇಸ್ಕೂಲಲ್ಲಿ ಎದ್ದ ಸೊಸೆ ನೀನೇಯಾ? ಪುಟ್ಟಮ್ಮ ದಿನಾ ನಿನ್ ಮಾತೇ ಆಡೋಳು" ಎಂದಳು. ಹೌದು ಎಂದೆ. ಹೆಣದ ತಲೆಯ ಹತ್ತಿರ ನನ್ನನ್ನು ಕೂರಿಸಿದರು, ಬಾಯಿಗೆ ನೀರು ಬಿಡಲು ಮೊದಲು ನನ್ನನ್ನೇ ಕರೆದರು. ಪುಣಜನೂರಿನಲ್ಲಿ ನನಗೆ ಒಳ್ಳೆಯ ಹೆಸರಿದೆ. ಆಮೇಲೆ ಆ ಕಡೆಗೆ ನಾನು ಹೋಗಿಲ್ಲ.